ಮಕ್ಕಳಿಬ್ಬರ ರೂಮಿಗೆ ಸದ್ಯಕ್ಕೆ ಬಂಕ್ ಬೇಡ, ಎರಡು ತಗ್ಗು ಮಂಚ ಮಾಡಿಸಿ

ನಮಸ್ಕಾರ ಅಕ್ಕ. ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ಓದಿದ್ದೆ. ಪುರುಸೊತ್ತು ಮಾಡಿಕೊಂಡು ಬರೆಯೋಣ ಅಂತ ಈಗ ಕೂತೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ, 10 ಅಡಿಗೆ 10 ಅಡಿ ರೂಮು, ಮಗಳಿಗೆ 7 ವರ್ಷ, ಮಗನಿಗೆ 4. ಇಷ್ಟು ದಿನ ನಿಮ್ಮ ಜೊತೆಗೇ ಮಲಗುತ್ತಿದ್ದರು. ಬಂಕ್, ಅಂದರೆ ಒಂದರ ಮೇಲೊಂದು ಇರುವ ಮಂಚ, ತಗೊಂಡರೆ ಜಾಗ ಉಳಿಯುತ್ತದೆ ಅಂತ ನಿಮ್ಮ ಯಜಮಾನರು, ಬಿದ್ದರೆ ಏನು ಗತಿ ಅಂತ ನೀವು. ಇಷ್ಟು ತಾನೇ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈಗ ಬಂಕ್ ಬೇಡ. ಎರಡು ತಗ್ಗು ಮಂಚ ಬೇರೆ ಬೇರೆ ಮಾಡಿಸಿ. 6 ವರ್ಷ ತುಂಬದ ಮಗುವನ್ನು ಮೇಲಿನ ಮಂಚದಲ್ಲಿ ಮಲಗಿಸಬಾರದು ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಅಲ್ಲಿ ಮಾರುವ ಬಂಕ್‌ಗಳ ಮೇಲೆ ಈ ಎಚ್ಚರಿಕೆಯನ್ನು ಅಂಟಿಸಲೇಬೇಕು. ಮಗಳಿಗೆ 7 ಆಯ್ತಲ್ಲ, ಅವಳು ಮೇಲೆ, ತಮ್ಮ ಕೆಳಗೆ ಅಂತ ನೀವು ಕೇಳಬಹುದು. ಏಣಿ ಕಣ್ಣೆದುರಿಗೆ ಇರುವಾಗ 4 ವರ್ಷದ ಹುಡುಗ ಕೆಳಗೆ ಸುಮ್ನೆ ಕೂರುತ್ತಾನಾ? ಅಕ್ಕ ಹತ್ತಿದ ಕಡೆ ಅವನೂ ಹತ್ತುತ್ತಾನೆ. ನೀವು ಅಡುಗೆ ಮನೆಯಲ್ಲಿ ಇರುವಾಗ ಹತ್ತುತ್ತಾನೆ.

ನಮ್ಮ ಮನೆಯಲ್ಲಿ 2 ವರ್ಷ ಬಂಕ್ ಇತ್ತು. ದೊಡ್ಡವನಿಗೆ 8, ಚಿಕ್ಕವಳಿಗೆ 5. ಒಂದು ಮಧ್ಯಾಹ್ನ ರೂಮಿಗೆ ಹೋದರೆ ಇಬ್ಬರೂ ಸೇರಿ ಅಮ್ಮನ ದುಪಟ್ಟಾವನ್ನು ಮೇಲಿನ ಕಟಕಟೆಗೆ ಗಂಟು ಹಾಕಿ ಉಯ್ಯಾಲೆ ಕಟ್ಟಿದ್ದರು. ಚಿಕ್ಕವಳು ಅದರೊಳಗೆ ತಲೆ ತೂರಿಸುತ್ತಿದ್ದಳು. ನನಗೆ ಇವತ್ತಿಗೂ ಅದನ್ನು ನೆನೆಸಿಕೊಂಡರೆ ಕೈ ನಡುಗುತ್ತದೆ. ಬಂಕ್ ಅಂದರೆ ಬೀಳುವ ಭಯ ಮಾತ್ರ ಎಲ್ಲರಿಗೂ ಹೊಳೆಯುತ್ತದೆ. ದುಪಟ್ಟಾ, ಹಗ್ಗ, ಬೆಲ್ಟು ಕಟ್ಟಿ ಕತ್ತಿಗೆ ಸಿಕ್ಕಿಕೊಳ್ಳುವುದು, ಕಟಕಟೆಯ ಸಂದಿಯಲ್ಲಿ ಮೈ ತೂರಿ ತಲೆ ಸಿಕ್ಕಿಕೊಳ್ಳುವುದು, ಇವು ಅದಕ್ಕಿಂತ ದೊಡ್ಡ ಭಯ.

ಇನ್ನೊಂದು, ಮಂಚ ಆರಿಸುವಾಗ ಹಗಲಿನ ಫೋಟೋ ನೋಡಬೇಡಿ, ರಾತ್ರಿ 2 ಗಂಟೆ ನೆನೆಸಿಕೊಳ್ಳಿ. ನಮ್ಮ ದೊಡ್ಡವನಿಗೆ ಒಂದು ಸಲ ಜ್ವರ ಬಂತು. ನನ್ನ ಹೆಂಡತಿ ಏಣಿಯ ಮೂರನೇ ಮೆಟ್ಟಿಲ ಮೇಲೆ ನಿಂತು, ಒಂದು ಕೈಯಲ್ಲಿ ಕಟಕಟೆ ಹಿಡಿದು, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ ಹಣೆಗೆ ಒತ್ತುತ್ತಿದ್ದಳು. ಪಕ್ಕದಲ್ಲಿ ಕೂರುವ ಹಾಗಿಲ್ಲ, ಮಲಗುವ ಹಾಗೂ ಇಲ್ಲ. ವಾಂತಿ ಬಂದ ಮಗು ನಿದ್ದೆಗಣ್ಣಲ್ಲಿ ಏಣಿ ಇಳಿಯಬೇಕು. ಇದೇ ವಯಸ್ಸಲ್ಲಿ ರಾತ್ರಿ ಹಾಸಿಗೆ ಒದ್ದೆ ಮಾಡುವುದೂ ಮಾಮೂಲು. 4 ವರ್ಷಕ್ಕೆ ಅದು ತಪ್ಪೇ ಅಲ್ಲ. ಮೇಲಿನ ಮಂಚದ ಬೆಡ್‌ಶೀಟ್ ಬದಲಿಸಿ ನೋಡಿದವರಿಗೆ ಗೊತ್ತು, ಹಾಸಿಗೆಯ ನಾಲ್ಕು ಮೂಲೆಗೂ ಕೈ ಎಟುಕುವುದಿಲ್ಲ.

ಈಗ ಫ್ಯಾನ್ ಲೆಕ್ಕ. ದಯವಿಟ್ಟು ಇದನ್ನು ಟೇಪು ಹಿಡಿದು ಒಮ್ಮೆ ಅಳೆಯಿರಿ. ನಿಮ್ಮ ರೂಮು 120 ಇಂಚು. ಫ್ಯಾನ್ ನಡು ಮಧ್ಯದಲ್ಲಿದ್ದರೆ ಗೋಡೆಯಿಂದ 60 ಇಂಚು. ಮಾಮೂಲಿ 48 ಇಂಚಿನ ಫ್ಯಾನ್‌ನ ರೆಕ್ಕೆ ಮಧ್ಯದಿಂದ 24 ಇಂಚು ಚಾಚುತ್ತದೆ. ಅಂದರೆ ರೆಕ್ಕೆಯ ತುದಿ ಗೋಡೆಯಿಂದ 36 ಇಂಚಿಗೆ ಬಂತು. 3 ಅಡಿ ಹಾಸಿಗೆಯ ಮಂಚ, ಚೌಕಟ್ಟು ಸೇರಿ ಸುಮಾರು 39 ಇಂಚು. ರೆಕ್ಕೆ ಮಂಚದ ಅಂಚಿನ ಮೇಲೇ ತಿರುಗುತ್ತದೆ ಅಲ್ವಾ? ಸೂರು 10 ಅಡಿ, ಫ್ಯಾನ್ 1 ಅಡಿ ಕೆಳಗೆ ತೂಗಿದರೆ ರೆಕ್ಕೆ 9 ಅಡಿಯಲ್ಲಿ. ಮೇಲಿನ ಹಾಸಿಗೆ 5 ಅಡಿಯಲ್ಲಿದ್ದು, ಅದರ ಮೇಲೆ 4 ಅಡಿಯ ಮಗು ಎದ್ದು ನಿಂತರೆ ಎಲ್ಲಿಗೆ ಬಂತು ನೀವೇ ಕೂಡಿ ನೋಡಿ. ಕೈ ಎತ್ತುವುದೂ ಬೇಡ. ಬಾಡಿಗೆ ಮನೆಯಲ್ಲಿ ಫ್ಯಾನ್ ಕೊಕ್ಕೆ ಜರುಗಿಸುವ ಹಾಗೂ ಇಲ್ಲ.

ಹಾಗಾದರೆ ಎರಡು ಮಂಚ ಹಾಕಿದರೆ ಜಾಗ ಎಲ್ಲಿ? ಇದೆ. ಮಕ್ಕಳಿಗೆ ಅಂತ 5 ಅಡಿಯ ಪುಟ್ಟ ಮಂಚ ಮಾಡಿಸಬೇಡಿ, ನಾಲ್ಕೈದು ವರ್ಷದಲ್ಲಿ ಕಾಲು ಹೊರಗೆ ಬರುತ್ತದೆ. 75ಕ್ಕೆ 36 ಇಂಚಿನ ಹಾಸಿಗೆ ಅಂಗಡಿಯಲ್ಲಿ ಸಿದ್ಧ ಸಿಗುತ್ತದೆ. ಚೌಕಟ್ಟು ಸೇರಿ 78ಕ್ಕೆ 39 ಅಂದುಕೊಳ್ಳಿ. ಒಂದು ಮಂಚವನ್ನು ಮೂಲೆಗೆ ಒತ್ತಿ ಒಂದು ಗೋಡೆ ಉದ್ದಕ್ಕೆ ಹಾಕಿ. ಇನ್ನೊಂದನ್ನು ಅದರ ತಲೆ ಕಡೆಯ ಪಕ್ಕದಿಂದ ಶುರು ಮಾಡಿ ಪಕ್ಕದ ಗೋಡೆ ಉದ್ದಕ್ಕೆ. 39 ಮತ್ತು 78 ಕೂಡಿದರೆ 117, ನಿಮ್ಮ ಗೋಡೆ 120. ಸರಿಯಾಗಿ ಕೂರುತ್ತದೆ. ನಡುವೆ 81 ಇಂಚು ಚೌಕದಷ್ಟು ನೆಲ ಖಾಲಿ ಉಳಿಯುತ್ತದೆ. ಎದುರು ಗೋಡೆಗೆ 2 ಅಡಿ ಅಗಲದ ಬೀರು ಇಟ್ಟರೂ ಆಡೋದಕ್ಕೆ ಜಾಗ ಇದೆ. ಇಬ್ಬರ ತಲೆಯೂ ಒಂದೇ ಮೂಲೆಗೆ ಬರುತ್ತದೆ, ದೀಪ ಆರಿಸಿದ ಮೇಲೆ ಪಿಸುಪಿಸು ಮಾತಾಡಿಕೊಂಡು ಮಲಗುತ್ತಾರೆ. ಮೊದಲ ಸಲ ನಿಮ್ಮನ್ನು ಬಿಟ್ಟು ಮಲಗುವ ಮಕ್ಕಳಿಗೆ ಅದು ದೊಡ್ಡ ಧೈರ್ಯ. ಮಾಡಿಸುವ ಮೊದಲು ಚಾಕ್‌ಪೀಸಲ್ಲಿ ನೆಲದ ಮೇಲೆ ಎರಡು ಮಂಚವನ್ನೂ ಬರೆದು ಎರಡು ದಿನ ಓಡಾಡಿ ನೋಡಿ. ಬಾಗಿಲು ಪೂರ್ತಿ ತೆರೆಯುತ್ತದಾ, ಬೀರು ಬಾಗಿಲು ಮಂಚಕ್ಕೆ ತಾಗುತ್ತದಾ ಗೊತ್ತಾಗುತ್ತದೆ. ಕಿಟಕಿ ಕೆಳಗೆ ಮಾತ್ರ ಚಿಕ್ಕವನ ಮಂಚ ಬೇಡ. ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಗ್ರಿಲ್ಲಿಗೆ ಹತ್ತುತ್ತಾನೆ.

ಶುರುವಿನಲ್ಲಿ ಒಟ್ಟಿಗೇ ಮಲಗುತ್ತೇವೆ ಅಂತ ಹಟ ಮಾಡಿದರೆ ಎರಡು ಮಂಚ ಜೋಡಿಸಿ, ಪಕ್ಕ ಪಕ್ಕದ ಕಾಲುಗಳನ್ನು ಗಟ್ಟಿ ಬೆಲ್ಟಿನಿಂದ ಬಿಗಿದುಬಿಡಿ. ಇಲ್ಲದಿದ್ದರೆ ಮಂಚ ಸರಿದು ನಡುವೆ ಸಂದಿ ಆಗುತ್ತದೆ. ಆ ಸಂದಿಗೆ ಕಂಬಳಿ ತುರುಕಿ ಸಮಾಧಾನ ಮಾಡಿಕೊಳ್ಳಬೇಡಿ. ಅಗಲದ ಒಂದೇ ಡಬಲ್ ಮಂಚ ಹಾಕಿ ಅಂತಲೂ ಕೆಲವರು ಹೇಳುತ್ತಾರೆ. ಖರ್ಚು ಕಡಿಮೆ ನಿಜ. ಆದರೆ ಅಕ್ಕ ತಮ್ಮ ಅಲ್ವಾ, ಕೆಲವೇ ವರ್ಷದಲ್ಲಿ ಮಗಳಿಗೆ ಅವಳದೇ ಜಾಗ ಬೇಕಾಗುತ್ತದೆ.

ಒಂದು ಮಂಚದ ಕೆಳಗಿನಿಂದ ಇನ್ನೊಂದನ್ನು ಹೊರಗೆ ಎಳೆಯುವ ಮಂಚ ಇದೆಯಲ್ಲ, ಅದರ ಬಗ್ಗೆಯೂ ಕೇಳಿದ್ದೀರಿ. ಹಗಲು ನೆಲ ಖಾಲಿ ಸಿಗುವುದು ಒಳ್ಳೆಯದೇ. ಆದರೆ ದಿನಾ ರಾತ್ರಿ ಆಟದ ಸಾಮಾನು ಸರಿಸಿ ಎಳೆಯಬೇಕು, ಬೆಳಿಗ್ಗೆ ತಳ್ಳಬೇಕು. ಕೆಳಗೆ ಧೂಳು, ಜಿರಳೆ. ಹಾಸಿಗೆಯೂ 4 ಇಂಚಿಗಿಂತ ದಪ್ಪ ಇದ್ದರೆ ಒಳಗೆ ಹೋಗುವುದು ಕಷ್ಟ. ಅಜ್ಜಿ ತಾತ ಬಂದಾಗ ಉಪಯೋಗಕ್ಕೆ ಸರಿ, ದಿನಾ ಮಲಗುವುದಕ್ಕೆ ನಾನು ಹೇಳುವುದಿಲ್ಲ.

ಇನ್ನು ಮಾಡಿಸುವ ವಿಷಯ. ನಾನು ನನ್ನ ಕೈಯಾರೆ ಮಾಡಿದ್ದರಿಂದ ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನಮ್ಮದು ತೀರ್ಥಹಳ್ಳಿ ಕಡೆ, ಮೊದಲು ತಂದದ್ದು ಒತ್ತಿದ ಪುಡಿಯ ಹಲಗೆಯ ಮಂಚ, ಅದೇ ಬಂಕ್. ಎರಡನೇ ಮಳೆಗಾಲಕ್ಕೆ ಕಾಲಿನ ಬುಡ ಊದಿ, ಸ್ಕ್ರೂ ಹಿಡಿತ ಬಿಟ್ಟಿತು. ರಾತ್ರಿ ಮಗು ಮಗ್ಗುಲು ಬದಲಿಸಿದರೆ ಇಡೀ ಮಂಚ ಕಿರ್ ಅನ್ನುತ್ತಿತ್ತು. ಬಿಚ್ಚಿ ನೋಡಿದರೆ ತೂತಿನ ಸುತ್ತ ಹಲಗೆ ಅವಲಕ್ಕಿ ಥರ ಉದುರುತ್ತಿತ್ತು. ಬಾಡಿಗೆ ಮನೆ ಬದಲಿಸುವಾಗ ಬಿಚ್ಚಿ ಜೋಡಿಸುವವರು ಅದರ ಹತ್ತಿರವೂ ಹೋಗಬೇಡಿ. ಅದನ್ನು ತೆಗೆದು ಹಲಸಿನ ಮರದಲ್ಲಿ ಎರಡು ಮಂಚ ಮಾಡಿದೆ. ಬೆಂಗಳೂರಲ್ಲಿ ಹಲಸು ಸಿಗದಿದ್ದರೆ ರಬ್ಬರ್ ಮರದ್ದು ಸಿದ್ಧ ಮಂಚ ಸಾಕು, ಅಥವಾ ಒಳ್ಳೆಯ ಪ್ಲೈವುಡ್. ಪ್ಲೈವುಡ್ ಆದರೆ ಐಎಸ್ 303 ಅಥವಾ ಐಎಸ್ 710 ಅನ್ನುವ ಭಾರತೀಯ ಗುಣಮಟ್ಟದ ಮುದ್ರೆ ನೋಡಿ ತಗೊಳ್ಳಿ. ತೇಗ ಬೇಕೇ ಬೇಕು ಅಂತಿಲ್ಲ.

ಹಾಸಿಗೆ ಹಾಸಿದ ಮೇಲೆ ನೆಲದಿಂದ 14, 15 ಇಂಚು ಎತ್ತರ ಸಾಕು. ಬಿದ್ದರೂ ಅಳು ಒಂದು ನಿಮಿಷ. ಚಿಕ್ಕವನಿಗೆ ತೆರೆದ ಕಡೆ ಮೊದಲ ಒಂದು ವರ್ಷ ಅರ್ಧ ಉದ್ದದ ತಡೆ ಹಾಕಿಸಿ, ಆಮೇಲೆ ಬಿಚ್ಚುವ ಹಾಗೆ. ಅದರ ಅಡಿ ಅಂಚಿಗೂ ಹಾಸಿಗೆಗೂ ನಡುವೆ ಸಂದಿ ಬಿಡಬಾರದು. ಕೆಳಗೆ ಪೂರ್ತಿ ಹಲಗೆ ಹೊದಿಸುವ ಬದಲು ಪಟ್ಟಿ ಹೊಡೆಸಿ, ನಡುವೆ 2 ಇಂಚು ಬಿಟ್ಟು. ಗಾಳಿ ಆಡುತ್ತದೆ, ಹಾಸಿಗೆ ಒದ್ದೆಯಾದರೂ ಬೇಗ ಒಣಗುತ್ತದೆ. ಮೂಲೆಗಳನ್ನು ದುಂಡಗೆ ಉಜ್ಜಿಸಲೇಬೇಕು. ಬಡಗಿಯವರು ಆಯ್ತು ಅಂದ ಮೇಲೆ ನೀವೇ ಹಳೇ ಹತ್ತಿ ಸೀರೆ ತುಂಡನ್ನು ಮಂಚದ ಮೇಲೆಲ್ಲ ಎಳೆದು ನೋಡಿ. ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಸಿಬಿರು ಇದೆ ಅಂತ ಅರ್ಥ. ಬಣ್ಣ ಹೊಡೆಸುವುದಾದರೆ ಡಬ್ಬಿ ಮೇಲೆ ಸೀಸದ ಅಂಶ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಿಲ್ಲ ಅಂತ ಬರೆದಿದೆಯಾ ನೋಡಿ. ನಮ್ಮ ದೇಶದಲ್ಲಿ 2017ರ ನವೆಂಬರ್‌ನಿಂದ ಮನೆ ಬಣ್ಣಕ್ಕೆ ಅದೇ ಮಿತಿ. ಅಟ್ಟದಲ್ಲಿ ಉಳಿದ ಹಳೇ ಬಣ್ಣ ಬೇಡ. ಚಿಕ್ಕ ಮಕ್ಕಳು ಮಂಚದ ಅಂಚು ಕಚ್ಚುತ್ತಾರೆ.

ಸೊಳ್ಳೆ ಪರದೆ ಮರೆಯಬೇಡಿ. ನಾಲ್ಕು ಕಾಲಿಗೂ ಕೋಲು ಸಿಕ್ಕಿಸುವ ತೂತು ಈಗಲೇ ಕೊರೆಸಿ, ಗೋಡೆಗೆ ಮೊಳೆ ಹೊಡೆದು ಓನರ್ ಹತ್ತಿರ ಮಾತು ಕೇಳುವುದು ತಪ್ಪುತ್ತದೆ. ಹಾಸಿಗೆಗೆ ತೊಳೆಯಲು ಬರುವ, ನೀರು ಇಳಿಯದ ಹೊದಿಕೆ ಒಂದೊಂದಕ್ಕೆ ಎರಡೆರಡು ಇಟ್ಟುಕೊಳ್ಳಿ.

ಮುಂದೆ ಮಗನಿಗೆ ಏಳೆಂಟು ವರ್ಷ ಆದ ಮೇಲೆ, ಓದುವ ಮೇಜಿಗೆ ಜಾಗ ಬೇಕಾಗಿ ಬಂಕ್ ಮಾಡಲೇಬೇಕು ಅನ್ನಿಸಿದರೆ ಆಗ ಮಾಡಿ, ಫ್ಯಾನ್ ಲೆಕ್ಕ ಮತ್ತೆ ಹಾಕಿ. ಗೋಡೆಗೆ ಫ್ಯಾನ್ ಇರುವ ಮನೆಯಾದರೆ ವಾಸಿ. ಮೇಲಿನ ಮಂಚಕ್ಕೆ ಗೋಡೆ ಕಡೆಯೂ ಸೇರಿ ಎರಡೂ ಕಡೆ ಕಟಕಟೆ ಬೇಕು, ಹಾಸಿಗೆ ಹಾಸಿದ ಮೇಲೆ ಅದರಿಂದ ಕನಿಷ್ಠ 5 ಇಂಚು ಮೇಲಕ್ಕೆ. ಕಟಕಟೆಯ ಸಂದಿ ಯಾವುದೂ ಮೂರೂವರೆ ಇಂಚು ಮೀರಬಾರದು. ಈ ಎರಡೂ ಅಮೆರಿಕದ ನಿಯಮದ ಅಳತೆ, ನಾನು ಅದನ್ನೇ ನಂಬಿಕೊಂಡಿದ್ದೇನೆ. ಮೇಲೆ 4 ಇಂಚಿನ ಹಾಸಿಗೆ ಸಾಕು, 8 ಇಂಚಿನದು ಹಾಕಿದರೆ ಕಟಕಟೆ ಇದ್ದೂ ಇಲ್ಲದ ಹಾಗೆ. ಏಣಿಗೆ ದುಂಡು ಕೋಲು ಬೇಡ, ಪಾದ ಪೂರ್ತಿ ಊರುವ ಚಪ್ಪಟೆ ಮೆಟ್ಟಿಲು ಇರಲಿ. ಹಾಗೆ ಒಂದರ ಮೇಲೊಂದು ಕೂರಿಸುವ ಆಸೆ ಇದ್ದರೆ ಬಡಗಿಯವರಿಗೆ ಇವತ್ತೇ ಹೇಳಿ. ಕಾಲು 3 ಇಂಚಿನ ಚೌಕ ಇರಬೇಕು, ಜೋಡಣೆ ಎಲ್ಲ ನಟ್ಟು ಬೋಲ್ಟಿನದಾಗಿರಬೇಕು. ತಗ್ಗು ಮಂಚಕ್ಕೆ ಆಮೇಲೆ ಕಾಲು ಅಂಟಿಸಿ ಬಂಕ್ ಮಾಡುವುದು ಆಗದ ಮಾತು.

ಬಾಗಿಲು ಯಾವ ಕಡೆ ತೆರೆಯುತ್ತದೆ, ಕಿಟಕಿ ಎಲ್ಲಿದೆ, ಫ್ಯಾನ್ ಕೊಕ್ಕೆ ಸರಿಯಾಗಿ ಮಧ್ಯದಲ್ಲಿದೆಯಾ ಅಂತ ಒಂದು ಹಾಳೆಯಲ್ಲಿ ಬರೆದು ಫೋಟೋ ಹಾಕಿ ಅಕ್ಕ. ಮಂಚ ಎಲ್ಲಿ ಕೂರಿಸಬಹುದು ಅಂತ ಅಳತೆ ಸಮೇತ ಬರೆದು ಕೊಡುತ್ತೇನೆ.