ಕಪ್ಪತಗುಡ್ಡದ ಹಸಿರು ದುಂಡುಗಲ್ಲುಗಳ ಬಗ್ಗೆ

ಕಪ್ಪತಗುಡ್ಡದ ಸೆರಗಿನಲ್ಲಿ ಒಂದರ ಮೇಲೊಂದು ಒತ್ತಿಕೊಂಡಿರುವ ಹಸಿರು ಛಾಯೆಯ ದುಂಡುಗಲ್ಲುಗಳು ಹೊಳೆಯ ನೀರಿಗೆ ಸವೆದವೋ ಅಥವಾ ಭೂಮಿಯ ಮೊದಲ ಹೊರಪದರದ ತುಣುಕುಗಳೋ ಎಂದು ತಾವು ಕೇಳಿದ್ದೀರಿ.

ತಮ್ಮ ವರ್ಣನೆಯಂತೆ ಅವು ದಿಂಬು ಲಾವಾ ಆಗಿರಬೇಕು. ನೀರಿನಡಿ ಉಕ್ಕಿದ ಬಸಾಲ್ಟ್ (ಕಪ್ಪು ಜ್ವಾಲಾಮುಖಿ ಶಿಲೆ) ಲಾವಾದ ಹೊರಮೈ ತಕ್ಷಣ ಗಟ್ಟಿಯಾಗಿ, ಒಳಗಿನ ಕಾದ ದ್ರವವು ಆ ಸಿಪ್ಪೆಯನ್ನು ಸೀಳಿ ಮತ್ತೊಂದು ಉಂಡೆಯಾಗಿ ಹೊರಬರುವುದರಿಂದ ಈ ಆಕಾರ ಉಂಟಾಗುತ್ತದೆ. ಉಂಡೆಯ ಅಂಚನ್ನು ಹತ್ತಿರದಿಂದ ನೋಡಿ: ನುಣುಪಾದ ಕಪ್ಪು ಪಟ್ಟಿ, ಅದರೊಳಗೆ ಅನಿಲದ ಗುಳ್ಳೆಗಳಿದ್ದ ಸಣ್ಣ ಚುಕ್ಕೆಗಳು, ಕೆಳಗಿನ ಎರಡು ಉಂಡೆಗಳ ಸಂದಿಗೆ ಇಳಿದ ಚೂಪು ತುದಿ ಕಂಡರೆ ಹೊಳೆಗಲ್ಲಿನ ಸಂಶಯ ಉಳಿಯದು. ಮೂಲದಲ್ಲಿ ಯಾವ ಮಗ್ಗುಲು ಮೇಲಿತ್ತು ಎಂಬುದನ್ನೂ ಆ ತುದಿಯೇ ತಿಳಿಸುತ್ತದೆ; ಪದರಗಳು ಮಡಚಿ ನೆಟ್ಟಗೆ ನಿಂತಿರುವ ಧಾರವಾಡ ಶಿಲಾಸಮೂಹದಲ್ಲಿ (ಈ ಗುಡ್ಡವೂ ಸೇರಿರುವ ಕರ್ನಾಟಕದ ಪುರಾತನ ಶಿಲೆಗಳ ಗುಂಪು) ಇದು ಸಣ್ಣ ಸಹಾಯವೇನಲ್ಲ. ಹಸಿರು ಬಣ್ಣ ಮಾತ್ರ ಆಮೇಲಿನದು, ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಹುಟ್ಟಿದ ಕ್ಲೋರೈಟ್‌ನಂಥ ಖನಿಜಗಳದ್ದು.

ಆದರೆ ಇದನ್ನು ಮೊದಲ ಹೊರಪದರ ಎನ್ನಲಾಗದು. ಕಪ್ಪತಗುಡ್ಡ ಸೇರಿರುವ ಗದಗ ಶಿಲಾಪಟ್ಟಿಯ ಲಾವಾ ಸುಮಾರು 270 ಕೋಟಿ ವರ್ಷಗಳ ಆಸುಪಾಸಿನದು. ಕರ್ನಾಟಕದಲ್ಲಿಯೇ 300 ಕೋಟಿ ವರ್ಷ ಮೀರಿದ ನೈಸ್ ಎಂಬ ಪಟ್ಟೆಪಟ್ಟೆಯ ರೂಪಾಂತರ ಶಿಲೆಗಳಿವೆ, ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನ ಅತಿ ಹಳೆಯ ಜಿರ್ಕಾನ್ ಹರಳುಗಳಿಗಂತೂ ಸುಮಾರು 440 ಕೋಟಿ ವರ್ಷ. ಆದರೂ ಬಸಾಲ್ಟಿಗೂ ಖಂಡಗಳ ಹುಟ್ಟಿಗೂ ನಂಟಿದೆ: ನೀರು ಹೀರಿದ ಬಸಾಲ್ಟ್ ಆಳಕ್ಕಿಳಿದು ಭಾಗಶಃ ಕರಗಿದಾಗ ಸಿಲಿಕಾ ಹೆಚ್ಚಿರುವ ಹಗುರ ಶಿಲಾರಸ ಹೊರಟು, ಕೆಳಗೆ ಮುಳುಗದೆ ಉಳಿಯುವ ಖಂಡಗಳ ತಿರುಳಾಯಿತು ಎಂಬುದು ಬಹುಮಾನ್ಯ ವಿವರಣೆ.

ಹೋಲಿಸಿ ನೋಡಲು ಚಿತ್ರದುರ್ಗದ ಬಳಿಯ ಮರಡಿಹಳ್ಳಿಗೆ ಹೋಗಬಹುದು. ಅಲ್ಲಿನ ದಿಂಬು ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದ್ದು, ಆಕಾರಗಳು ಬಹಳ ಸ್ಪಷ್ಟವಾಗಿವೆ.