ಶಾಲೆಯಲ್ಲಿ ಪೂರ್ತಿ ಇಂಗ್ಲಿಷ್, ಮನೆಯಲ್ಲೂ ಅದೇ ಆಗಬೇಕಾ?

ಪ್ರಶ್ನೆ: ಮಗಳು ಒಂದನೇ ತರಗತಿ. ಅವಳ ಶಾಲೆಯಲ್ಲಿ ‘ಇಮ್ಮರ್ಷನ್’ ಪದ್ಧತಿಯಂತೆ, ಗೇಟು ದಾಟಿದ ಮೇಲೆ ಇಂಗ್ಲಿಷ್ ಬಿಟ್ಟು ಬೇರೆ ಮಾತೇ ಇಲ್ಲ. ಮನೆಯಲ್ಲಿ ಪಟಪಟ ಮಾತಾಡುವ ಹುಡುಗಿ ಕ್ಲಾಸಿನಲ್ಲಿ ಮೂರು ತಿಂಗಳಿಂದ ತುಟಿ ಬಿಚ್ಚಿಲ್ಲ. ಮನೆಯಲ್ಲೂ ಇಂಗ್ಲಿಷೇ ಮಾತಾಡಿ ಅಂತಾರೆ ಟೀಚರ್. ನಮಗೆ ಬರೋದೇ ಅಷ್ಟಕ್ಕಷ್ಟೆ. ಏನು ಮಾಡಲಿ ಮೇಡಂ?

ಉತ್ತರ: ಮನೆಮಾತು ಬದಲಾಯಿಸಲೇಬೇಡಿ. ನೀವು ತಡವರಿಸುತ್ತಾ ಆಡುವ ನಾಲ್ಕು ಇಂಗ್ಲಿಷ್ ವಾಕ್ಯದಿಂದ ಅವಳಿಗೆ ಸಿಗೋದು ಕಡಿಮೆ. ಅದಕ್ಕಾಗಿ ನಿಮ್ಮ ಮಾತಿನಲ್ಲಿ ನಡೆಯುವ ಕಥೆ, ಜಗಳ, ತಮಾಷೆ, ‘ಯಾಕೆ ಹೀಗೆ’ ಅನ್ನುವ ಸಾಲು ಸಾಲು ಪ್ರಶ್ನೆಗಳೆಲ್ಲ ನಿಂತುಹೋದರೆ ನಷ್ಟವೇ ಜಾಸ್ತಿ.

ಮಾತಾಡುತ್ತಿಲ್ಲ ಅಂತ ಈಗಲೇ ಗಾಬರಿ ಬೇಡ. ಹೊಸ ಭಾಷೆಯ ನಡುವೆ ಬಂದ ಎಷ್ಟೋ ಮಕ್ಕಳು ಕೆಲವು ತಿಂಗಳು ಬರೀ ಕೇಳಿಸಿಕೊಳ್ಳುತ್ತಾರೆ. ಮಾತಿಗಿಂತ ಮೊದಲು ಅರ್ಥ ಆಗ್ತಿದೆಯಾ ನೋಡಿ. ‘ನೀಲಿ ಪುಸ್ತಕ ತೆಗಿ, ಮೂರನೇ ಪುಟ ತೋರಿಸು’ ಅಂತ ಟೀಚರ್ ಇಂಗ್ಲಿಷಿನಲ್ಲಿ ಹೇಳಿದಾಗ ಅವಳ ಕೈ ನೇರವಾಗಿ ಪುಸ್ತಕಕ್ಕೆ ಹೋಗುತ್ತಾ, ಇಲ್ಲಾ ಪಕ್ಕದ ಮಗು ತೆಗೆಯೋದನ್ನು ನೋಡಿ ಆಮೇಲೆ ತೆಗೀತಾಳಾ ಅಂತ ಟೀಚರನ್ನೇ ಕೇಳಿ. ನೇರವಾಗಿ ಹೋದರೆ ಕಲಿಕೆ ನಡೀತಿದೆ ಅಂತಲೇ. ಆದರೆ ಆಟದ ಹೊತ್ತಿನಲ್ಲಿ, ತನ್ನದೇ ಭಾಷೆಯ ಗೆಳತಿಯರ ಜೊತೆಗೂ ಮಾತಿಲ್ಲ ಅಂದ್ರೆ ವಿಷಯ ಬೇರೆ, ಮಕ್ಕಳ ಡಾಕ್ಟರಿಗೆ ತೋರಿಸಿ.

ಈಗ ಶಾಲೆಯ ವಿಷಯ. ಇಮ್ಮರ್ಷನ್ ಅಂದಾಗ ಎಲ್ಲರೂ ಉದಾಹರಣೆ ಕೊಡೋದು ಕೆನಡಾದ ಕ್ವಿಬೆಕ್‌ನ ಸೇಂಟ್ ಲ್ಯಾಂಬರ್ಟ್ ಊರಿನದು. 1965ರಲ್ಲಿ ಅಲ್ಲಿನ ಇಂಗ್ಲಿಷ್ ಮನೆಮಾತಿನ ಅಪ್ಪ-ಅಮ್ಮಂದಿರೇ ಒತ್ತಾಯ ಮಾಡಿ ಮಕ್ಕಳಿಗೆ ಫ್ರೆಂಚಿನಲ್ಲಿ ಪಾಠ ಶುರು ಮಾಡಿಸಿದರು. ಫಲ ಚೆನ್ನಾಗಿಯೇ ಬಂತು, ಆದರೆ ಅಲ್ಲಿ ಏನೇನಿತ್ತು ನೋಡಿ. ಫ್ರೆಂಚ್ ಯಾರಿಗೂ ಬರುತ್ತಿರಲಿಲ್ಲ, ಹಾಗಾಗಿ ಹಿಂದೆ ಬಿದ್ದೆ ಅನ್ನುವ ನಾಚಿಕೆ ಇರಲಿಲ್ಲ. ಟೀಚರ್ ಆಡುವುದು ಫ್ರೆಂಚ್, ಆದರೆ ಮಕ್ಕಳ ಇಂಗ್ಲಿಷ್ ಅವರಿಗೆ ಅರ್ಥವಾಗುತ್ತಿತ್ತು, ಶುರುವಿನಲ್ಲಿ ಮಕ್ಕಳು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರೂ ನಡೆಯುತ್ತಿತ್ತು. ಎರಡನೇ ತರಗತಿಯಿಂದ ಮನೆಮಾತಿನ ಓದು-ಬರಹವೂ ಸೇರಿತು. ಇದೆಲ್ಲಾ ಬಿಟ್ಟು ‘ಒಂದೇ ಭಾಷೆ’ ಅನ್ನುವ ಬೋರ್ಡು ಮಾತ್ರ ತಗೊಂಡರೆ ಮಗುವನ್ನು ಈಜು ಕಲಿಸದೆ ಬಾವಿಗೆ ತಳ್ಳಿದ ಹಾಗೆ.

ಹಾಗಾಗಿ ಶಾಲೆಗೆ ಹೋಗಿ ಒಂದೆರಡು ವಿಷಯ ಕೇಳಿ. ಅರ್ಧ, ಕಾಲು ಅಂತ ಪಾಠ ಮಾಡುವಾಗ ಬರೀ ಬಾಯಲ್ಲಿ ಹೇಳ್ತಾರಾ, ಇಲ್ಲಾ ಹಾಳೆ ಮಡಚಿ, ಹರಿದು, ‘ಹಾಫ್ ಯಾವುದು ತೋರಿಸು’ ಅಂತಾರಾ? ಬೆರಳು ತೋರಿಸಿದರೂ ಉತ್ತರವೇ. ಆಮೇಲೆ ಹೌದು-ಇಲ್ಲ, ಆಮೇಲೆ ಒಂದು ಪದ, ವಾಕ್ಯ ನಿಧಾನಕ್ಕೆ ಬರುತ್ತೆ. ಇನ್ನೊಂದು: ಹೊಟ್ಟೆನೋವು ಬಂದರೆ, ಟಾಯ್ಲೆಟ್‌ಗೆ ಹೋಗಬೇಕಾದರೆ ತನ್ನ ಭಾಷೆಯಲ್ಲಿ ಕೇಳಬಹುದಾ? ಅಲ್ಲೂ ಇಂಗ್ಲಿಷೇ ಬೇಕು, ತಪ್ಪಿದರೆ ಫೈನ್ ಅನ್ನುವ ಶಾಲೆಯಾದರೆ ನಾನಂತೂ ಜಗಳಕ್ಕೆ ನಿಲ್ಲುತ್ತೇನೆ.

ಪ್ರಶ್ನೆ: ಮಗ ಇಂಗ್ಲಿಷಿನಲ್ಲಿ ಕಲಿಯೋಕೆ ಶುರು ಮಾಡಿ ಎರಡು ವರ್ಷ. ಗೆಳೆಯರ ಜೊತೆ ಅರಳು ಹುರಿದಂತೆ ಮಾತಾಡ್ತಾನೆ. ಆದರೆ ಗಣಿತ, ವಿಜ್ಞಾನದಲ್ಲಿ ಮಾರ್ಕ್ಸೇ ಇಲ್ಲ. ಸೋಮಾರಿತನವಾ?

ಉತ್ತರ: ಅಲ್ಲ ಅಂತಲೇ ನನ್ನ ಅನುಮಾನ. ಆಟದ ಇಂಗ್ಲಿಷ್ ಬೇರೆ, ಪಾಠದ ಇಂಗ್ಲಿಷ್ ಬೇರೆ. ಕೆನಡಾದ ಭಾಷಾ-ಶಿಕ್ಷಣ ಸಂಶೋಧಕ ಜಿಮ್ ಕಮಿನ್ಸ್ 1979ರಲ್ಲೇ ಈ ಎರಡನ್ನು ಬೇರೆ ಮಾಡಿ ತೋರಿಸಿದರು. ಅವರ ಲೆಕ್ಕದಲ್ಲಿ ಮಾತುಕತೆಗೆ ಸುಮಾರು 2 ವರ್ಷ ಸಾಕು, ಪಾಠದ ಭಾಷೆಯಲ್ಲಿ ಆ ಭಾಷೆಯ ಮಕ್ಕಳ ಸಮಕ್ಕೆ ಬರೋಕೆ 5ರಿಂದ 7 ವರ್ಷ ಬೇಕು. ಇದು ಗೊತ್ತಿದ್ದೂ ಕ್ಯಾಲಿಫೋರ್ನಿಯಾದಲ್ಲಿ 1998ರಲ್ಲಿ ಕಾನೂನು ತಂದು, ಇಂಗ್ಲಿಷ್ ಬಾರದ ಮಕ್ಕಳಿಗೆ ಸಾಮಾನ್ಯವಾಗಿ ಒಂದು ವರ್ಷದ ಇಮ್ಮರ್ಷನ್ ಸಾಕು ಅಂದುಬಿಟ್ಟರು. 2016ರಲ್ಲಿ ಮತದಾರರೇ ಆ ಕಾನೂನಿನ ಬಹುಪಾಲನ್ನು ತೆಗೆದುಹಾಕಿದರು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ‘ಅಣ್ಣನ ಹತ್ತಿರ 8 ಪೆನ್ಸಿಲ್ ಇವೆ, ಅದು ತಂಗಿ ಹತ್ತಿರ ಇರೋದಕ್ಕಿಂತ 3 ಜಾಸ್ತಿ, ತಂಗಿ ಹತ್ತಿರ ಎಷ್ಟು?’ ಇದನ್ನು ಇಂಗ್ಲಿಷಿನಲ್ಲಿ ಬರೆದು ಕೊಡಿ. ‘ಮೋರ್’ ಕಂಡ ಕೂಡಲೇ ಕೂಡಿ 11 ಅಂತ ಬರೆದನಾ? ಸ್ವಲ್ಪ ಹೊತ್ತು ಬಿಟ್ಟು, ಅಂಕಿ ಬದಲಾಯಿಸಿ, ನಿಮ್ಮ ಭಾಷೆಯಲ್ಲಿ ಕೇಳಿ. ಆಗ ಸರಿಯಾಗಿ ಹೇಳಿದರೆ ಅವನಿಗೆ ಗಣಿತ ಬರುತ್ತೆ, ಪ್ರಶ್ನೆ ಅರ್ಥ ಆಗಿಲ್ಲ ಅಷ್ಟೆ. ಎರಡರಲ್ಲೂ ತಪ್ಪಿದರೆ ಲೆಕ್ಕವನ್ನೇ ಮತ್ತೆ ಹೇಳಿಕೊಡಬೇಕು. ಯಾವುದು ಅಂತ ತಿಳಿಯದೆ ಸುಮ್ನೆ ಟ್ಯೂಷನ್‌ಗೆ ಹಾಕಿ ದುಡ್ಡು ಕಳೀಬೇಡಿ. ವಿಜ್ಞಾನದ ಪಾಠವನ್ನು ಹಿಂದಿನ ರಾತ್ರಿ ನಿಮ್ಮ ಮಾತಲ್ಲೇ ಹೇಳಿ ಕಳಿಸಿ, ಮರುದಿನ ಅವನು ಹಿಡಿಯಬೇಕಾದ್ದು ಬರೀ ಹೊಸ ಪದ ಮಾತ್ರ.

ಪ್ರಶ್ನೆ: ಮೂರು ವರ್ಷಕ್ಕೇ ಇಂಗ್ಲಿಷ್ ಶಾಲೆಗೆ ಹಾಕದಿದ್ದರೆ ಕಾಲ ಮೀರುತ್ತಾ?

ಉತ್ತರ: ಇಲ್ಲ. ನೆದರ್‌ಲ್ಯಾಂಡ್ಸ್‌ಗೆ ಹೋಗಿ ಡಚ್ ಕಲಿತ ಇಂಗ್ಲಿಷ್ ಮನೆಮಾತಿನವರ ಬಗ್ಗೆ 1978ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶುರುವಿನ ತಿಂಗಳುಗಳಲ್ಲಿ 12-15ರ ವಯಸ್ಸಿನವರು ಮುಂದಿದ್ದರು, 3-5ರ ಪುಟಾಣಿಗಳು ಹಿಂದಿದ್ದರು. ಉಚ್ಚಾರಣೆಯಲ್ಲಿ ಬೇಗ ಶುರು ಮಾಡಿದವರಿಗೆ ಕ್ರಮೇಣ ಲಾಭ ಇದೆ ನಿಜ. ಅದೂ ಕಿವಿಗೆ ಒಳ್ಳೆಯ ಇಂಗ್ಲಿಷ್ ಬಿದ್ದರೆ ಮಾತ್ರ, ಅಲ್ವಾ?