ಆಫ್ರಿಕಾದ ಹಳ್ಳಿಗಳಲ್ಲಿ ನೀರು, ಬೇಸಾಯದ ಕೆಲಸಕ್ಕೆ ಸ್ವಯಂಸೇವಕರಾಗಿ ಹೋಗಬಹುದೇ?

ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಆಫ್ರಿಕಾದ ಹಳ್ಳಿಯೊಂದರಲ್ಲಿ ನೀರು, ಬೇಸಾಯದ ಕೆಲಸಕ್ಕೆ ಕೈಜೋಡಿಸಬೇಕೆಂದಿದ್ದೀರಿ. ಹೋದರೆ ಪ್ರಯೋಜನವಿದೆಯೇ ಎಂದು ಕೇಳಿದ್ದೀರಿ. ಆಫ್ರಿಕಾ ಎಂದರೆ ಐವತ್ತಕ್ಕೂ ಹೆಚ್ಚು ದೇಶಗಳು. ನಾನು ಕಂಡಿದ್ದು ಕೀನ್ಯಾದ ಮಚಾಕೋಸ್, ಮಕುವೇನಿ ಭಾಗವನ್ನು ಮಾತ್ರ. ಅಲ್ಲಿಯದನ್ನಷ್ಟೇ ಹೇಳುತ್ತೇನೆ.

ಕಲ್ಲು ಹೊರಲು ಹೋಗುವುದಾದರೆ ಬೇಡ. ಅಲ್ಲಿ ದುಡಿಯುವ ತೋಳುಗಳಿಗೆ ಬರವಿಲ್ಲ. ಆ ಭಾಗದ ಕಾಂಬಾ ಜನರಲ್ಲಿ ಮ್ವೆಥ್ಯಾ ಎಂಬ ಮುಯ್ಯಾಳು ಪದ್ಧತಿ ಹಿಂದಿನಿಂದಲೂ ಇದೆ. ಗುಂಪಿನಲ್ಲಿ ಹೆಂಗಸರೇ ಹೆಚ್ಚು. ಕಲ್ಲು, ಮರಳು, ನೀರು ಎಲ್ಲವನ್ನೂ ಅವರೇ ಒಟ್ಟುಮಾಡುತ್ತಾರೆ. 1970ರ ದಶಕದಲ್ಲಿ ಉಟೂನಿಯಲ್ಲಿ ನೆರೆಹೊರೆಯವರನ್ನು ಕೂಡಿಸಿ ಮರಳುಕಟ್ಟೆ ಕಟ್ಟಲು ತೊಡಗಿದ ಜೋಶುವಾ ಮುಕುಸ್ಯಾ ಕೂಡ ಅದೇ ಸೀಮೆಯವರು. ಕೊರತೆ ಇರುವುದು ಸಿಮೆಂಟಿಗೆ, ಕಬ್ಬಿಣಕ್ಕೆ, ಅಳತೆ ಬಲ್ಲವರಿಗೆ.

ಮರಳುಕಟ್ಟೆಗಾಗಿ, ಮಳೆಗಾಲದಲ್ಲಷ್ಟೇ ಹರಿಯುವ ಹೊಳೆಗೆ ಅಡ್ಡಲಾಗಿ, ತಳದ ಬಂಡೆಯ ಮೇಲೆ ಗೋಡೆ ಕಟ್ಟುತ್ತಾರೆ. ಪ್ರವಾಹ ತಂದ ಮರಳು ಒಂದೆರಡು ಮಳೆಗಾಲಗಳಲ್ಲಿ ಗೋಡೆಯ ಹಿಂದೆ ತುಂಬಿಕೊಳ್ಳುತ್ತದೆ. ಆ ಮರಳಿನ ಗಾತ್ರದ ಶೇ. 25ರಿಂದ 40ರಷ್ಟು ನೀರು ಕಣಗಳ ನಡುವೆ ನಿಲ್ಲುತ್ತದೆ. ಬಿಸಿಲಿಗೆ ಆರುವುದು ಕಡಿಮೆ, ಸೊಳ್ಳೆಯ ಕಾಟವೂ ಇಲ್ಲ. ಗೋಡೆ ಬಂಡೆಗೆ ಸರಿಯಾಗಿ ಕೂರದಿದ್ದರೆ ನೀರೆಲ್ಲ ಅಡಿಯಿಂದ ಸೋರಿಹೋಗುತ್ತದೆ. ಆದ್ದರಿಂದ ಜಾಗ ಹುಡುಕುವುದೇ ದೊಡ್ಡ ಕೆಲಸ. ಕಚ್ಚು ಹಾಕಿದ ಕಬ್ಬಿಣದ ಸಲಾಕೆಯನ್ನು ಸುತ್ತಿಗೆಯಿಂದ ಮರಳಿಗೆ ಇಳಿಸುತ್ತಾರೆ. ಬಂಡೆ ತಾಗಿದಾಗ ಸದ್ದು ಬದಲಾಗುತ್ತದೆ. ಮೇಲೆತ್ತಿದಾಗ ಯಾವ ಕಚ್ಚಿನಿಂದ ಕೆಳಗೆ ಒದ್ದೆ ಮರಳು ಅಂಟಿದೆಯೆಂದು ನೋಡಿ ನೀರಿನ ಮಟ್ಟ ಬರೆದುಕೊಳ್ಳುತ್ತಾರೆ. ನಿಮ್ಮ ಓದು ಉಪಯೋಗಕ್ಕೆ ಬರುವುದು ಇಲ್ಲಿ. ಆದರೆ ಸಲಾಕೆ ಇಳಿಸುವ ಮೊದಲು, ಎಂಥ ಬರದಲ್ಲೂ ಯಾವ ಒರತೆ ಬತ್ತುವುದಿಲ್ಲ ಎಂದು ಊರಿನ ಮುದುಕಿಯರನ್ನು ಕೇಳಿ. ಅಲ್ಲಿ ಅಡಿಯಲ್ಲಿ ನೀರು ತಡೆಯುವ ಬಂಡೆಯೋ ಜೇಡಿಯೋ ಇರುತ್ತದೆ.

ಬೇಸಾಯದಲ್ಲಿ ಅವರಿಗೆ ಕಲಿಸಲು ಹೋಗಬೇಡಿ. ಇಳಿಜಾರಿನಲ್ಲಿ ಕಾಲುವೆ ತೋಡಿ, ಮಣ್ಣನ್ನು ಮೇಲ್ಬದಿಗೆ ಎಸೆದು ಬದು ಮಾಡುವ ‘ಫಾನ್ಯಾ ಜೂ’ ಕ್ರಮ ಅವರಿಗೆ ಕರಗತ. ಬೆಳೆಗಳು ಮೆಕ್ಕೆಜೋಳ, ಅಲಸಂದೆ, ಹೆಸರು, ತೊಗರಿ. ತೊಗರಿಯನ್ನು ಬೇಳೆ ಮಾಡದೆ ಇಡಿಯಾಗಿ ಮೆಕ್ಕೆಜೋಳದೊಂದಿಗೆ ಬೇಯಿಸುತ್ತಾರೆ. ಕಲಬುರಗಿಯವರಾದರೆ ಊಟದ ಚಿಂತೆ ಅರ್ಧ ಕಳೆದಂತೆ!

ಸ್ವಯಂಸೇವೆಗೆ ದುಬಾರಿ ಶುಲ್ಕ ಕೇಳುವ ಏಜೆನ್ಸಿಗಳಿವೆ. ಅದರಲ್ಲಿ ಸಿಮೆಂಟಿಗೆ ಎಷ್ಟು ಹೋಗುತ್ತದೆ, ಹಿಂದೆ ಹಾಕಿದ ಕೈಪಂಪುಗಳ ವಾಷರ್ ಈಗ ಯಾರು ಬದಲಾಯಿಸುತ್ತಾರೆ ಎಂದು ಕೇಳಿ. ಉತ್ತರ ತಡವರಿಸಿದರೆ ಆ ಹಣವನ್ನು ನೇರವಾಗಿ ಹಳ್ಳಿಯ ಗುಂಪಿಗೇ ಕೊಡುವುದು ಮೇಲು. ಹತ್ತು ದಿನಕ್ಕೆ ಹೋಗುವುದರಿಂದ ಉಪಯೋಗ ನಿಮಗಷ್ಟೇ.

ಕಟ್ಟೆ ಕೆಲಸ ನಡೆಯುವುದು ಹೊಳೆ ಒಣಗಿರುವಾಗ. ಜೂನ್‌ನಿಂದ ಸೆಪ್ಟೆಂಬರ್ ಸೂಕ್ತ. ಸಂಬಳವಿಲ್ಲದಿದ್ದರೂ ಪ್ರವಾಸಿ ಅನುಮತಿಯ ಮೇಲೆ ಕೆಲಸ ಮಾಡುವಂತಿಲ್ಲ, ಕರೆಸಿಕೊಳ್ಳುವ ಸಂಸ್ಥೆಯೇ ಪರವಾನಗಿ ಮಾಡಿಸಬೇಕು. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಿ. ಅದರ ಕಾರ್ಡ್ ಇಲ್ಲದೆ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಪ್ರತ್ಯೇಕವಾಗಿ ಇರಿಸುತ್ತಾರೆ.